ಕಾಟಾದ ಹಳೇ ವಿಂಡೋಸ್ ಸಾಫ್ಟ್‌ವೇರ್ ಲಿನಕ್ಸ್‌ನಾಗ ನಡ್ಸೋದು ಹೆಂಗ

ಗಂಗಾವತಿ ಕಡೆ ರೈಸ್ ಮಿಲ್‌ನಾಗ, ರಾಯಚೂರು ಕಡೆ ಹತ್ತಿ ಜಿನ್ನಿಂಗ್‌ನಾಗ ಕಾಟಾದ (ಲಾರಿ ತೂಗೋ ವೇಬ್ರಿಜ್‌ನ) ರೂಮಿಗೆ ಹೋದ್ರ ಒಂದು ಹಳೇ ಕಂಪ್ಯೂಟರ್ ಇದ್ದೇ ಇರ್ತೈತಿ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗೀತು, 11 ಹಾಕ್ಬೇಕಂದ್ರ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಕೇಳ್ತೈತಿ, ಹಳೇ ಮಷಿನ್‌ದಾಗ ಅದು ಎಲ್ಲಿಂದ ತರೋದು? ಅಷ್ಟಕ್ಕ ಚಲೋ ನಡಿಯೋ ಕಂಪ್ಯೂಟರ್ ಗುಜರಿಗೆ ಹಾಕಬ್ಯಾಡ್ರಿ. ವಿಂಡೋಸ್ ಬದ್ಲಿಗೆ ಲಿನಕ್ಸ್ ಮಿಂಟ್ ಹಾಕಿ ಅದ್ರಾಗ ವೈನ್ ಅನ್ನೋ ಪ್ರೋಗ್ರಾಂ ಹಾಕ್ರಿ.

ವೈನ್ ಏನ್ ಮಾಡ್ತೈತಿ ಅಂದ್ರ, ಸಾಫ್ಟ್‌ವೇರ್ ವಿಂಡೋಸ್‌ಗೆ 'ಈ ಫೈಲ್ ತೆಗಿ, ಈ ಪೋರ್ಟ್ (ಕಾಟಾದ ಕೇಬಲ್ ಚುಚ್ಚೋ ಜಾಗ) ಓದು' ಅಂತ ಕೇಳ್ತೈತಲ್ಲ, ಅದನ್ನ ಲಿನಕ್ಸ್‌ಗೆ ತಿಳಿಯೋ ಹಂಗ ತಿರುಗ್ಸಿ ಹೇಳ್ತೈತಿ. 1993ರಾಗ ಶುರುವಾದ ಕೆಲಸ, 1.0 ಬರಾಕ 2008 ಆತು.

ಮೊದ್ಲು ಹಳೇ ಹಾರ್ಡ್ ಡಿಸ್ಕ್ ಬಿಚ್ಚಿ ಜೋಪಾನ ಎತ್ತಿಡ್ರಿ, ಮಿಂಟ್ ಹೊಸ ಎಸ್‌ಎಸ್‌ಡಿಗೆ ಹಾಕ್ರಿ. ಬಿಚ್ಚೋಕ್ಕಿಂತ ಮುಂಚೆ ಸಾಫ್ಟ್‌ವೇರ್ ಫೋಲ್ಡರ್, ಡೇಟಾಬೇಸ್, ಬಿಲ್ಲಿನ ಕನ್ನಡ ಫಾಂಟು ಎಲ್ಲಾ ಪೆನ್‌ಡ್ರೈವ್‌ಗೆ ಹಾಕ್ಕೋರಿ, ಸೆಟ್ಟಿಂಗ್ಸ್‌ನಾಗಿನ ಪೋರ್ಟ್ ನಂಬರ್, ಬಾಡ್ ರೇಟ್ (ಡೇಟಾ ಬರೋ ವೇಗ), ಪ್ಯಾರಿಟಿ (ಡೇಟಾದಾಗ ತಪ್ಪು ಹಿಡಿಯೋ ಗುರುತು) ಮೊಬೈಲ್‌ನಾಗ ಫೋಟೋ ಹೊಡ್ಕೋರಿ. ಆಮ್ಯಾಲ ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಾಗ ವೈನ್ ಹುಡುಕಿ ಹಾಕ್ರಿ, ಹಳೇ ಸಾಫ್ಟ್‌ವೇರ್ ಬಹಳಷ್ಟು 32 ಬಿಟ್‌ವು ಇರ್ತಾವ, ಅದಕ್ಕ ವೈನ್‌ನ 32 ಬಿಟ್ ಭಾಗನೂ ಇರ್ಲಿ. ಸೆಟಪ್ ಫೈಲ್ ವೈನ್‌ನಾಗ ತೆಗೆದ್ರ ಇನ್‌ಸ್ಟಾಲ್ ವಿಂಡೋಸ್‌ನಾಗ ಆದಂಗ ಆಗ್ತೈತಿ.

ತೊಂದ್ರಿ ಬರೋದು ಪೋರ್ಟ್‌ನಾಗ. ನಾ ಮೊದಲ ಸಲ ಒಂದು ಮಿಲ್‌ನಾಗ ಹಾಕಿದಾಗ ಸಾಫ್ಟ್‌ವೇರ್ ತೆರೀತು, ಎಂಟ್ರಿನೂ ಆತು, ತೂಕ ಮಾತ್ರ ಸೊನ್ನಿ, ಹೊರಗ ಭತ್ತದ ಲಾರಿ ಸಾಲು ನಿಂತಾವ, ಅರ್ಧ ದಿನ ಒದ್ದಾಡಿದ ಮ್ಯಾಲ ಗೊತ್ತಾತು ಯುಎಸ್‌ಬಿ ಟು ಸೀರಿಯಲ್ ಕೇಬಲ್‌ನ ವೈನ್ ಕಾಮ್ 33 ಅನ್ನೋ ಪೋರ್ಟ್ ನಂಬರ್ ಕೊಟ್ಟು ಹಿಡ್ದಿತ್ತು, ಸಾಫ್ಟ್‌ವೇರ್‌ಗೆ ಕಾಮ್ 1ರಿಂದ 4ರ ತನಕ ಅಷ್ಟೇ ಗೊತ್ತು. ಇದಕ್ಕ ವೈನ್‌ನ ರಿಜಿಸ್ಟ್ರಿ (ಸೆಟ್ಟಿಂಗ್ಸ್ ಇಡೋ ಜಾಗ) ಎಡಿಟರ್ ತೆಗೆದು, ಲೋಕಲ್ ಮಷಿನ್ ಒಳಗ ಸಾಫ್ಟ್‌ವೇರ್, ಅದ್ರೊಳಗ ವೈನ್, ಅದ್ರೊಳಗ ಪೋರ್ಟ್ಸ್ ಅನ್ನೋ ಕೀ ಇರ್ಲಿಲ್ಲ ಅಂದ್ರ ಮಾಡಿ, ಕಾಮ್ 1 ಅಂತ ಸ್ಟ್ರಿಂಗ್ ಹಾಕಿ ಲಿನಕ್ಸ್‌ನಾಗ ಆ ಕೇಬಲ್‌ನ ಡಿವೈಸ್ ಹೆಸರು ಬರೀಬೇಕು. ಜೊತಿಗೆ ನಿಮ್ಮ ಯೂಸರ್‌ನ ಡಯಲ್‌ಔಟ್ ಗ್ರೂಪಿಗೆ ಸೇರಿಸ್ರಿ, ಇಲ್ಲಂದ್ರ ಪೋರ್ಟ್ ಓದಾಕ ಪರ್ಮಿಷನ್ನೇ ಸಿಗಂಗಿಲ್ಲ. ಸೇರಿಸಿದ ಮ್ಯಾಲ ಒಮ್ಮೆ ರೀಸ್ಟಾರ್ಟ್.

ಬಿಲ್‌ನಾಗ ಕನ್ನಡ ಬದ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆ ಬಂದ್ರ ಗಾಬರಿ ಆಗಬ್ಯಾಡ್ರಿ. ಹಳೇ ಬಿಲ್ಲು ಯೂನಿಕೋಡ್ ಅಲ್ಲದ ಫಾಂಟ್‌ನಾಗ ಇರ್ತಾವ, ಎತ್ತಿಟ್ಟ ಫಾಂಟ್ ಫೈಲ್‌ನ ವೈನ್‌ನ ಸಿ ಡ್ರೈವ್‌ನಾಗ ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್‌ಗೆ ಹಾಕಿದ್ರ ಅಕ್ಷರ ಸರಿ ಬರ್ತಾವ. ಪ್ರಿಂಟರ್ ಮೊದ್ಲು ಲಿನಕ್ಸ್‌ನಾಗ ಸೆಟ್ ಮಾಡ್ರಿ, ವೈನ್ ಅದನ್ನೇ ತಗೋತೈತಿ.

ಲೈಸೆನ್ಸ್‌ಗೆ ಯುಎಸ್‌ಬಿ ಡಾಂಗಲ್ (ಚುಚ್ಚಿದ್ರಷ್ಟೇ ಸಾಫ್ಟ್‌ವೇರ್ ನಡಿಯೋ ಕೀ) ಇದ್ರ ವೈನ್ ಮ್ಯಾಲ ಭರವಸೆ ಇಡಬ್ಯಾಡ್ರಿ, ಅದ್ರ ಡ್ರೈವರ್ ಸಾಮಾನ್ಯಕ್ಕ ಅಲ್ಲಿ ನಡಿಯಂಗಿಲ್ಲ. ಅಂಥಾ ಕಡೆ ಲಿನಕ್ಸ್ ಒಳಗ ಇನ್ನೊಂದು ಕಂಪ್ಯೂಟರ್ ಇದ್ದಂಗ ನಡಿಸೋ ವರ್ಚುವಲ್‌ಬಾಕ್ಸ್ ಹಾಕಿ ಅದ್ರೊಳಗ ಲೈಸೆನ್ಸ್ ಇರೋ ವಿಂಡೋಸ್ ಹಾಕ್ರಿ, 8 ಜಿಬಿ ರ‍್ಯಾಮ್ ಇದ್ರ ಆರಾಮ, ಆ ವಿಂಡೋಸ್‌ಗೆ ಇಂಟರ್ನೆಟ್ ಮಾತ್ರ ಕೊಡಬ್ಯಾಡ್ರಿ.

ಎಲ್ಲಾ ಆದ ಮ್ಯಾಲ ಖಾಲಿ ಲಾರಿ ಒಂದು, ತುಂಬಿದ್ದೊಂದು ಕಾಟಾದ ಮ್ಯಾಲ ನಿಲ್ಸಿ, ಇಂಡಿಕೇಟರ್‌ನಾಗಿನ (ಕಾಟಾದ ತೂಕ ತೋರ್ಸೋ ಡಬ್ಬಿ) ತೂಕ, ಸ್ಕ್ರೀನ್‌ನಾಗಿಂದು, ಸ್ಲಿಪ್‌ನಾಗಿಂದು ಮೂರೂ ತಾಳೆ ಆಗ್ತಾವೇನು ನೋಡ್ರಿ, ಒಂದು ಕಿಲೋ ಹೆಚ್ಚುಕಮ್ಮಿ ಬಂದ್ರೂ ರೈತರ ಲೋಡು ತೂಗಬ್ಯಾಡ್ರಿ, ಹಳೇ ಡಿಸ್ಕ್ ಹಾಕಿ ಆ ದಿನದ ಕೆಲಸ ಮುಗಿಸಿಕೋರಿ.