ದಪ್ಪ ಟೈರಿನ ಎಲೆಕ್ಟ್ರಿಕ್ ಸೈಕಲ್: ಹಿಂದಿನ ಶಾಕ್ ಪರೀಕ್ಷಿಸದೆ ಹಣ ಕೊಡಬೇಡಿ

ದಪ್ಪ ಟೈರಿನ ಎಲೆಕ್ಟ್ರಿಕ್ ಸೈಕಲ್ ಕೊಳ್ಳಲು ಅಂಗಡಿಗೆ ಹೋಗುವವರು ಟೈರನ್ನು ಒತ್ತಿ ನೋಡುತ್ತಾರೆ, ಡಿಸ್‌ಪ್ಲೇ ಹೊತ್ತಿಸಿ ನೋಡುತ್ತಾರೆ, ಅಂಗಡಿಯ ಮುಂದಿನ ಸಮತಟ್ಟಾದ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಹಣ ಕಟ್ಟಿಬಿಡುತ್ತಾರೆ. ಗುಂಡಿಯ ಪೆಟ್ಟು ತಗ್ಗಿಸಲು ಮುಂದೆ ಸ್ಪ್ರಿಂಗಿನ ಫೋರ್ಕ್, ಹಿಂದೆ ಶಾಕ್ (ಶಾಕ್ ಅಬ್ಸಾರ್ಬರ್) ಎರಡೂ ಇರುವ ಅಗ್ಗದ ಸೈಕಲ್ಲಿನಲ್ಲಿ ತಯಾರಕರು ಮೊದಲು ಕೈ ಬಿಗಿಹಿಡಿಯುವುದು ಸೀಟಿನ ಕೆಳಗಿರುವ ಹಿಂದಿನ ಶಾಕಿನ ವಿಷಯದಲ್ಲಿ, ಮತ್ತು ಗ್ರಾಹಕರು ಕಣ್ಣು ಹಾಯಿಸದೆ ಬಿಡುವುದೂ ಅದನ್ನೇ. ಒಂದು ಲಕ್ಷ ರೂಪಾಯಿಯ ಒಳಗೆ ಇಂಥ ಸೈಕಲ್ ಹುಡುಕುವವರು ಅನುಸರಿಸಬಹುದಾದ ಕ್ರಮ ಹೀಗಿದೆ.

ಮೊದಲನೆಯದು: ಎರಡೂ ಕಡೆ ಸಸ್ಪೆನ್ಷನ್ ಬೇಕೇ?

ನಾಲ್ಕು ಇಂಚು ಅಗಲದ ಟೈರಿನಲ್ಲಿ 10ರಿಂದ 15 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಇದ್ದರೆ ಸಣ್ಣಪುಟ್ಟ ಗುಂಡಿಗಳ ಪೆಟ್ಟನ್ನು ಟೈರೇ ನುಂಗಿಕೊಳ್ಳುತ್ತದೆ. ಡಾಂಬರು ರಸ್ತೆಯಲ್ಲಿ ಕಚೇರಿಗೆ ಹೋಗಿಬರುವವರು ಹಿಂದಿನ ಶಾಕಿಗೆ ಹಣ ಸುರಿಯುವುದು ದಂಡ. ಅಷ್ಟೇ ಹಣಕ್ಕೆ ಮುಂದಿನ ಫೋರ್ಕ್ ಮಾತ್ರ ಇರುವ ಸೈಕಲ್ ಕೊಂಡರೆ ಉತ್ತಮ ಬ್ರೇಕು, ದೊಡ್ಡ ಬ್ಯಾಟರಿ ದಕ್ಕುತ್ತವೆ, ತೂಕವೂ ತಗ್ಗುತ್ತದೆ. ಕಾಫಿ ತೋಟದ ದಾರಿಯಲ್ಲಿ, ಜಲ್ಲಿ ಕಿತ್ತು ಹೋದ ಹಳ್ಳಿ ರಸ್ತೆಯಲ್ಲಿ ದಿನವೂ ಓಡಾಡುವವರಿಗೆ ಮತ್ತು ಸೊಂಟನೋವು ಇರುವವರಿಗೆ ಮಾತ್ರ ಮುಂದಿನ ಮಾತುಗಳು ಅನ್ವಯಿಸುತ್ತವೆ.

ಎರಡನೆಯದು: ಮೋಟಾರಿನ ವ್ಯಾಟ್ ಮತ್ತು ಕಾನೂನು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಮೋಟಾರಿನ ಮೂವತ್ತು ನಿಮಿಷಗಳ ಶಕ್ತಿ (ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ) 250 ವ್ಯಾಟಿಗಿಂತಲೂ ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆ ಇದ್ದರೆ ಮಾತ್ರ ಇಂಥ ಸೈಕಲ್ ಮೋಟಾರು ವಾಹನದ ವ್ಯಾಖ್ಯೆಯಿಂದ ಹೊರಗುಳಿಯುತ್ತದೆ. 500 ಅಥವಾ 750 ವ್ಯಾಟಿನ ಸೈಕಲ್ಲನ್ನು ತೋರಿಸಿ ‘ಲೈಸೆನ್ಸ್ ಬೇಡ, ನೋಂದಣಿಯೂ ಬೇಡ, ಸ್ಪೀಡ್ ಲಾಕ್ ಮಾಡಿಕೊಡುತ್ತೇವೆ’ ಎನ್ನುವ ಮಾರಾಟಗಾರರ ಮಾತನ್ನು ನಂಬಬೇಡಿ. ವೇಗವನ್ನು ಲಾಕ್ ಮಾಡಿದ ಮಾತ್ರಕ್ಕೆ ಮೋಟಾರಿನ ಶಕ್ತಿ ಕಡಿಮೆಯಾಗುವುದಿಲ್ಲ. ಯೂಟ್ಯೂಬಿನಲ್ಲಿ ಹೊಗಳಿಸಿಕೊಳ್ಳುವ ಅನೇಕ ಮಾದರಿಗಳು ಅಮೆರಿಕದ 750 ವ್ಯಾಟ್ ಮಿತಿಯನ್ನು ಗಮನದಲ್ಲಿಟ್ಟು ತಯಾರಾದವು. ಅಲ್ಲಿರುವ ಮಗನೋ ಅಳಿಯನೋ ಬರುವಾಗ ತಂದುಕೊಡಲಿ ಎಂಬ ಆಸೆಯನ್ನೂ ಬಿಡಬೇಕು: ಪ್ರಯಾಣಿಕರ ವಿಮಾನದಲ್ಲಿ 160 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಹಿಡಿಸುವ ವಿದ್ಯುತ್ತಿನ ಅಳತೆ) ಮೀರಿದ ಲಿಥಿಯಂ ಬ್ಯಾಟರಿಯನ್ನು ಲಗೇಜಿನಲ್ಲಿ ಒಯ್ಯುವಂತಿಲ್ಲ, ಈ ಸೈಕಲ್ಲುಗಳ ಬ್ಯಾಟರಿಯಾದರೋ ಅದರ ಎರಡು ಪಟ್ಟಿಗೂ ಹೆಚ್ಚು ಇರುತ್ತದೆ.

ಮೂರನೆಯದು: ಬ್ಯಾಟರಿಯ ಲೆಕ್ಕ

ಜಾಹೀರಾತಿನಲ್ಲಿರುವ ಕಿಲೋಮೀಟರನ್ನು ಮರೆತು, ಬ್ಯಾಟರಿಯ ಮೇಲಿನ ಚೀಟಿಯಲ್ಲಿರುವ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿರಿ. 36 ವೋಲ್ಟ್, 10 ಆಂಪಿಯರ್-ಅವರ್ ಎಂದರೆ 360 ವ್ಯಾಟ್-ಅವರ್. 48 ವೋಲ್ಟ್, 15 ಆಂಪಿಯರ್-ಅವರ್ ಎಂದರೆ 720. ದಪ್ಪ ಟೈರಿನ ಸೈಕಲ್ಲನ್ನು ಪೆಡಲ್ ತುಳಿಯದೆ ಬರೀ ಥ್ರಾಟಲ್ ತಿರುಗಿಸಿ ಓಡಿಸುವುದಾದರೆ ಕಿಲೋಮೀಟರಿಗೆ 15ರಿಂದ 20 ವ್ಯಾಟ್-ಅವರ್ ಖರ್ಚು ಹಿಡಿಯುವುದು ಕ್ಷೇಮ. ಅಂದರೆ 360ರ ಬ್ಯಾಟರಿ 18ರಿಂದ 24 ಕಿ.ಮೀ. ಎಳೆಯುತ್ತದೆ, ಏರುದಾರಿಯಲ್ಲಿ ಇನ್ನೂ ಕಡಿಮೆ. ಬ್ಯಾಟರಿ ಕೀಲಿಯಿಂದ ಬಿಚ್ಚಿ ಮನೆಯೊಳಗೆ ತರುವಂತಿರಲಿ. ಸಾಮಾನ್ಯ ಲಿಥಿಯಂ-ಅಯಾನ್ ಬ್ಯಾಟರಿಯಾದರೆ 36 ವೋಲ್ಟಿನದಕ್ಕೆ 42, 48 ವೋಲ್ಟಿನದಕ್ಕೆ 54.6 ವೋಲ್ಟಿನ ಚಾರ್ಜರ್ ಬೇಕು. ಚಾರ್ಜರಿನ ಹಿಂದೆ ಅದೇ ಅಂಕಿ ಇದೆಯೇ ಎಂದು ಓದಿ ನೋಡಿ. ಹಳೆಯ ಸ್ಕೂಟರಿನ ಸೀಸ-ಆಮ್ಲ ಬ್ಯಾಟರಿಯ ಚಾರ್ಜರನ್ನು ‘48 ವೋಲ್ಟ್ ತಾನೇ’ ಎಂದು ಇದಕ್ಕೆ ಚುಚ್ಚುವುದು ಮನೆಗೆ ಬೆಂಕಿ ಹಚ್ಚಿಕೊಳ್ಳುವ ಕೆಲಸ.

ನಾಲ್ಕನೆಯದು: ಹಿಂದಿನ ಶಾಕ್

ಇಲ್ಲಿ ಅರ್ಧ ಗಂಟೆ ಕಳೆಯಲು ಸಂಕೋಚ ಪಡಬೇಡಿ. ಅಗ್ಗದ ಸೈಕಲ್ಲುಗಳಲ್ಲಿ ಮೋಟಾರು ಹೆಚ್ಚಾಗಿ ಹಿಂದಿನ ಚಕ್ರದ ಹಬ್ಬಿನಲ್ಲೇ (ನಡುಭಾಗದಲ್ಲೇ) ಇರುತ್ತದೆ, ಹಾಗಾಗಿ ಮೋಟಾರು, ರಿಮ್ಮು, ದಪ್ಪ ಟೈರು ಎಲ್ಲದರ ತೂಕವೂ ಸ್ಪ್ರಿಂಗಿನ ಕೆಳಗೇ ಕುಣಿಯುತ್ತದೆ. ಈ ಕುಣಿತವನ್ನು ಸ್ಪ್ರಿಂಗ್ ಒಂದೇ ತಡೆಯಲಾರದು. ಶಾಕಿನ ಒಳಗೆ ಎಣ್ಣೆ ಇದ್ದು, ಅದು ಸಣ್ಣ ರಂಧ್ರಗಳ ಮೂಲಕ ಹರಿಯುವಾಗ ಚಲನೆಯನ್ನು ನಿಧಾನಗೊಳಿಸಬೇಕು. ಕೆಳದರ್ಜೆಯ ಶಾಕುಗಳಲ್ಲಿ ಎಣ್ಣೆಯೇ ಇರುವುದಿಲ್ಲ, ಹೊರಗಿನಿಂದ ನೋಡಿದರೆ ಅದು ತಿಳಿಯುವುದೂ ಇಲ್ಲ.

ಪರೀಕ್ಷೆ ಹೀಗೆ. ಮೊದಲು ಟೈರುಗಳಿಗೆ 20 ಪಿಎಸ್‌ಐನಷ್ಟು ಗಾಳಿ ತುಂಬಿಸಿ, ಏಕೆಂದರೆ ಗಾಳಿ ಕಡಿಮೆ ಇರುವ ದಪ್ಪ ಟೈರು ತಾನೇ ಚೆಂಡಿನಂತೆ ಪುಟಿದು ಶಾಕಿನ ದೋಷವನ್ನು ಮುಚ್ಚಿಹಾಕುತ್ತದೆ. ಆಮೇಲೆ ಸೀಟನ್ನು ಎರಡೂ ಕೈಗಳಿಂದ ಬಲವಾಗಿ ಕೆಳಗೊತ್ತಿ ಥಟ್ಟನೆ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಎಣ್ಣೆ ಕೆಲಸ ಮಾಡುತ್ತಿದೆ. ಎರಡು ಮೂರು ಸಲ ಏರಿಳಿದರೆ ಅದು ಬರೀ ಸ್ಪ್ರಿಂಗ್, ಆ ಸೈಕಲ್ಲನ್ನು ಅಲ್ಲೇ ಬಿಟ್ಟುಬಿಡಿ.

ಮುಂದಿನದು ನಿಮ್ಮ ತೂಕಕ್ಕೆ ಹೊಂದುವ ಸ್ಪ್ರಿಂಗ್. ಸ್ಪ್ರಿಂಗಿನ ಮೇಲೆ 650, 750, 1000 ಎಂಬಂಥ ಅಂಕಿ ಅಚ್ಚಾಗಿರುತ್ತದೆ. ಸ್ಪ್ರಿಂಗನ್ನು ಒಂದು ಇಂಚು ಅದುಮಲು ಎಷ್ಟು ಪೌಂಡ್ ಬಲ ಬೇಕು ಎಂಬುದನ್ನು ಅದು ಹೇಳುತ್ತದೆ. ಶಾಕಿನ ಎರಡು ತುದಿಗಳ ಬೋಲ್ಟುಗಳ ನಡುವಿನ ಅಂತರವನ್ನು ಸೈಕಲ್ ಖಾಲಿ ಇರುವಾಗ ಟೇಪಿನಿಂದ ಅಳೆಯಿರಿ. ನೀವು ಪೆಡಲ್ ಮೇಲೆ ಕಾಲಿಟ್ಟು ಸೀಟಿನಲ್ಲಿ ಕುಳಿತಾಗ, ಜೊತೆಗೆ ಬಂದವರಿಂದ ಮತ್ತೊಮ್ಮೆ ಅಳೆಸಿ. ಶಾಕ್ ಒಟ್ಟು ಎಷ್ಟು ಕುಗ್ಗಬಲ್ಲದೋ ಅದರ ಕಾಲುಭಾಗದಷ್ಟು ಈಗ ಕುಗ್ಗಿರಬೇಕು. ಒಟ್ಟು 40 ಮಿ.ಮೀ. ಕುಗ್ಗುವ ಶಾಕ್ ಆದರೆ ಸುಮಾರು 10 ಮಿ.ಮೀ. ಕುಗ್ಗಲೇ ಇಲ್ಲವೆಂದರೆ ಅದು ನಿಮ್ಮ ಪಾಲಿಗೆ ಕಬ್ಬಿಣದ ಸರಳು. ಅರ್ಧಕ್ಕೂ ಹೆಚ್ಚು ಕುಗ್ಗಿದರೆ ಮೊದಲ ಹಂಪಿನಲ್ಲೇ ತಳ ಬಡಿಯುತ್ತದೆ. ಅಂಗಡಿಯವರು ಸ್ಪ್ರಿಂಗಿನ ತುದಿಯ ಉಂಗುರವನ್ನು ತಿರುಗಿಸಿ ‘ಟೈಟ್ ಮಾಡಿದ್ದೇನೆ ಸಾರ್’ ಎನ್ನುತ್ತಾರೆ. ಉಂಗುರ ತಿರುಗಿಸಿದರೆ ಸೈಕಲ್ ಕುಳಿತುಕೊಳ್ಳುವ ಎತ್ತರ ಬದಲಾಗುತ್ತದೆಯೇ ಹೊರತು ಸ್ಪ್ರಿಂಗಿನ ಗಡಸುತನವಲ್ಲ. ಎರಡು ಸುತ್ತಿಗಿಂತ ಹೆಚ್ಚು ತಿರುಗಿಸಬೇಕಾಯಿತೆಂದರೆ ಸ್ಪ್ರಿಂಗನ್ನೇ ಬದಲಿಸಬೇಕು. ಆ ಬದಲಾವಣೆಯ ಖರ್ಚು ಅಂಗಡಿಯದೇ ಎಂದು ಹಣ ಕೊಡುವ ಮೊದಲೇ ಒಪ್ಪಿಸಿಕೊಳ್ಳಿ.

ಕೊನೆಗೆ ಸಡಿಲ ನೋಡಬೇಕು. ಸೀಟು ಹಿಡಿದು ಹಿಂದಿನ ಚಕ್ರ ನೆಲ ಬಿಡುವಷ್ಟು ಮೆಲ್ಲಗೆ ಎತ್ತಿ ಇಳಿಸಿ. ‘ಟಕ್’ ಎಂದರೆ ಶಾಕಿನ ತುದಿಯ ಬುಷ್ (ಬೋಲ್ಟಿನ ಸುತ್ತ ಕೂರುವ ಕೊಳವೆ) ಸಡಿಲವಾಗಿದೆ. ಒಂದು ಕೈಯಲ್ಲಿ ಫ್ರೇಮನ್ನೂ ಇನ್ನೊಂದರಲ್ಲಿ ಹಿಂದಿನ ಚಕ್ರವನ್ನೂ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಚಕ್ರ ಹೊತ್ತ ಹಿಂದಿನ ಭಾಗ ಫ್ರೇಮಿಗೆ ಕೂಡುವ ಕೀಲು ಹೊಸ ಸೈಕಲ್ಲಿನಲ್ಲೇ ಅಲುಗಿದರೆ ಅದು ರಿಪೇರಿಯಾಗುವ ಜಾತಿಯದಲ್ಲ. ಕೀಲಿನಲ್ಲಿ ಬೇರಿಂಗ್ ಇದೆಯೋ ಪ್ಲಾಸ್ಟಿಕ್ ಬುಷ್ ಇದೆಯೋ ಕೇಳಿ, ಬೇರಿಂಗನ್ನೇ ಆರಿಸಿ. ಭಾರಿ ಆಸಾಮಿಯೊಬ್ಬರನ್ನು ಕೂರಿಸಿ ಪೂರ್ತಿ ಅದುಮಿಸಿದಾಗ ಹಿಂದಿನ ಟೈರು ಫ್ರೇಮಿಗಾಗಲಿ ಮಡ್ಗಾರ್ಡಿಗಾಗಲಿ ತಾಗಬಾರದು. ಹಾಲಿನ ಕ್ಯಾನ್, ಗೊಬ್ಬರದ ಚೀಲ ಹೊರುವ ಯೋಚನೆ ಇದ್ದವರಿಗೆ ಹಿಂದಿನ ಶಾಕ್ ಇರುವ ಸೈಕಲ್ ಹೇಳಿ ಮಾಡಿಸಿದ್ದಲ್ಲ.

ಐದನೆಯದು: ಉಳಿದ ಭಾಗಗಳು

ಬ್ರೇಕು ಹೈಡ್ರಾಲಿಕ್ ಡಿಸ್ಕೇ ಇರಲಿ. ಮೂವತ್ತು ಕಿಲೋಗೂ ಹೆಚ್ಚು ತೂಗುವ ಸೈಕಲ್ಲಿಗೆ ತಂತಿ ಎಳೆಯುವ ಡಿಸ್ಕ್ ಬ್ರೇಕ್ ಸಾಲದು. ಬ್ರೇಕ್ ಹಿಡಿದೊಡನೆ ಮೋಟಾರು ನಿಲ್ಲಬೇಕು. ಗೇರು ಎಷ್ಟಿದ್ದರೂ ನಡೆಯುತ್ತದೆ. ಮಡಚುವ ಫ್ರೇಮ್ ಬೇಡವೇ ಬೇಡ, ಸಡಿಲವಾಗಬಲ್ಲ ಕೀಲುಗಳಿಗೆ ಇನ್ನೊಂದನ್ನು ಸೇರಿಸಿದಂತಾಗುತ್ತದೆ. 26×4 ಅಥವಾ 20×4 ಅಳತೆಯ ಟ್ಯೂಬ್ ನಿಮ್ಮೂರಿನಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ, ಸಿಗದಿದ್ದರೆ ಸೈಕಲ್ ಜೊತೆಗೇ ಎರಡು ಕೊಂಡಿಟ್ಟುಕೊಳ್ಳಿ. ಐಪಿಎಕ್ಸ್4 ಎಂಬ ಗುರುತು ಸಿಡಿಯುವ ನೀರಿಗೆ ಮಾತ್ರ ಭರವಸೆ. ಸರ್ವಿಸ್ ಸ್ಟೇಷನ್ನಿನ ನೀರಿನ ಜೆಟ್ ಕೆಳಗೆ ಸೈಕಲ್ ನಿಲ್ಲಿಸಿದರೆ ಮೋಟಾರಿಗೂ ಬೇರಿಂಗಿಗೂ ಒಟ್ಟಿಗೆ ನೀರು ಹೋಗುತ್ತದೆ.

ಬಿಲ್ಲಿನಲ್ಲಿ ಫ್ರೇಮ್ ಸಂಖ್ಯೆ, ಬ್ಯಾಟರಿಯ ಸಂಖ್ಯೆ, ಮೋಟಾರಿನ ವ್ಯಾಟ್ ಮೂರನ್ನೂ ಬರೆಸಿ, ಬ್ಯಾಟರಿಯ ವಾರಂಟಿ ಅವಧಿಯನ್ನು ಪ್ರತ್ಯೇಕವಾಗಿ ನಮೂದಿಸಿಕೊಳ್ಳಿ. ಮೊದಲ ನೂರು ಕಿಲೋಮೀಟರ್ ಓಡಿದ ಮೇಲೆ ಶಾಕಿನ ಎರಡೂ ಬೋಲ್ಟುಗಳನ್ನು, ಹಿಂದಿನ ಆ್ಯಕ್ಸಲ್ ನಟ್ಟನ್ನು ಮತ್ತು ಹಿಂದಿನ ಚಕ್ರದ ಕಡ್ಡಿಗಳನ್ನು ಮತ್ತೆ ಬಿಗಿ ಮಾಡಿಸಿ.