ಎರಡು ಚಂದ್ರ, ಒಂದೇ ದಾರಿ: ಕುದುರೆಲಾಳ ಕಕ್ಷೆಯನ್ನು ನಾನು ಕೂಡಿಸಿದ ಬಗೆ

ಕಾಲ್ಪನಿಕ ಗ್ರಹಕ್ಕೆ ವಿಚಿತ್ರ ಚಂದ್ರ ಬೇಕೆಂದರೆ ಹೆಚ್ಚಿನವರು ಕಕ್ಷೆಯನ್ನು ಓರೆ ಮಾಡುತ್ತಾರೆ, ಇಲ್ಲವೇ ಹಿಮ್ಮುಖವಾಗಿ ಓಡಿಸುತ್ತಾರೆ. ನಾನು ಆರಿಸಿಕೊಂಡದ್ದು ಹತ್ತು ವರ್ಷಕ್ಕೊಮ್ಮೆ ದಾರಿ ಬದಲಿಸಿಕೊಳ್ಳುವ ಎರಡು ಪುಟ್ಟ ಚಂದ್ರಗಳನ್ನು. ಇದಕ್ಕೆ ನಿಜವಾದ ಮಾದರಿಯೇ ಇದೆ. ಶನಿಯ ಚಂದ್ರಗಳಾದ ಜೇನಸ್ ಮತ್ತು ಎಪಿಮೀಥಿಯಸ್ ಸುಮಾರು 1,51,500 ಕಿ.ಮೀ. ತ್ರಿಜ್ಯದಲ್ಲಿ, ಬರೀ 50 ಕಿ.ಮೀ. ಅಂತರದ ಎರಡು ಕಕ್ಷೆಗಳಲ್ಲಿ ಸುತ್ತುತ್ತವೆ. ನಾಲ್ಕು ವರ್ಷಕ್ಕೊಮ್ಮೆ ಒಳದಾರಿ ಹೊರದಾರಿ ಅದಲುಬದಲಾಗುತ್ತದೆ.

ಒಳಗಿನ ಚಂದ್ರ ವೇಗವಾಗಿ ಓಡಿ ಹೊರಗಿನದನ್ನು ಹಿಂದಿನಿಂದ ಸಮೀಪಿಸುತ್ತದೆ. ಮುಂದಿರುವುದು ಅದನ್ನು ಮುಂದಕ್ಕೆ ಎಳೆಯುತ್ತದೆ. ಹಾಗೆ ಎಳೆದರೆ ಡಿಕ್ಕಿಯಾಗಬೇಕಲ್ಲವೇ ಎಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಎಳೆಸಿಕೊಂಡ ಚಂದ್ರ ಶಕ್ತಿ ಗಳಿಸಿ ಹೊರಕಕ್ಷೆಗೆ ಏರುತ್ತದೆ, ಅಲ್ಲಿ ಅದರ ಓಟ ನಿಧಾನವಾಗುತ್ತದೆ. ಇನ್ನೊಂದು ಶಕ್ತಿ ಕಳೆದುಕೊಂಡು ಒಳಗಿಳಿದು ಮುಂದೆ ಓಡಿಬಿಡುತ್ತದೆ. ಒಂದರ ಮೇಲೆ ಕೂತು ನೋಡಿದರೆ ಇನ್ನೊಂದರ ದಾರಿ ಕುದುರೆಯ ಲಾಳದಂತೆ ಕಾಣುತ್ತದೆ.

ಲೆಕ್ಕವನ್ನು ನಾನು ಶುರುಮಾಡುವುದು ಆಕಾಶದಲ್ಲಿ ಏನು ಕಾಣಬೇಕು ಎಂಬಲ್ಲಿಂದ. ಗ್ರಹ ಭೂಮಿಯಷ್ಟೇ ಭಾರ, ಕಕ್ಷೆಯ ತ್ರಿಜ್ಯ 1,00,000 ಕಿ.ಮೀ. ಎಂದಿಟ್ಟರೆ ಒಂದು ಸುತ್ತಿಗೆ 87.4 ಗಂಟೆ, ಅಂದರೆ 3.64 ದಿನ. ಅದಲುಬದಲಿನ ಅವಧಿ ಬೇಕಾದರೆ ಸುತ್ತಿನ ಅವಧಿಯನ್ನು ತ್ರಿಜ್ಯದ ಎರಡರಷ್ಟರಿಂದ ಗುಣಿಸಿ, ಕಕ್ಷೆಗಳ ಅಂತರದ ಮೂರರಷ್ಟರಿಂದ ಭಾಗಿಸಬೇಕು. ಹತ್ತು ವರ್ಷಕ್ಕೆ ಬರುವ ಅಂತರ ಸುಮಾರು 66 ಕಿ.ಮೀ.

ಮುಂದಿನದು ಭಾರ. ಎರಡೂ ಚಂದ್ರಗಳ ಒಟ್ಟು ದ್ರವ್ಯರಾಶಿ ಗ್ರಹದ ಹತ್ತು ಕೋಟಿಯಲ್ಲಿ ಸುಮಾರು 2.9 ಭಾಗ ಇರಲಿ ಎಂದುಕೊಂಡೆ. ಅದನ್ನು 3:1ರಂತೆ ಹಂಚಿ, ಸಾಂದ್ರತೆ ನೀರಿನ ಎರಡರಷ್ಟು ಎಂದು ಹಿಡಿದರೆ ವ್ಯಾಸ 50 ಮತ್ತು 35 ಕಿ.ಮೀ. ಎಷ್ಟು ಹತ್ತಿರ ಬರುತ್ತವೆ ಎಂಬುದಕ್ಕೂ ಸುಲಭ ಸೂತ್ರವಿದೆ: ತ್ರಿಜ್ಯವನ್ನು ಅಂತರದಿಂದ ಭಾಗಿಸಿ, ಬಂದದ್ದರ ವರ್ಗ ತೆಗೆದು, ಅದನ್ನು ಚಂದ್ರಗಳ ಒಟ್ಟು ದ್ರವ್ಯರಾಶಿಗೂ ಗ್ರಹದ ದ್ರವ್ಯರಾಶಿಗೂ ಇರುವ ಅನುಪಾತದಿಂದ, ಮತ್ತೆ ಎಂಟರ ಮೂರನೇ ಒಂದು ಭಾಗದಿಂದ ಗುಣಿಸಬೇಕು. ಉತ್ತರ ರೇಡಿಯನ್‌ನಲ್ಲಿ ಬರುತ್ತದೆ (ಒಂದು ರೇಡಿಯನ್ ಎಂದರೆ ಸುಮಾರು 57.3 ಡಿಗ್ರಿ). ಇಲ್ಲಿ ಅದು 10 ಡಿಗ್ರಿ. ಇದನ್ನೇ ನಂಬಿ ಕೂರಬಾರದು. ಸಿಮ್ಯುಲೇಷನ್‌ನಲ್ಲಿ ಎದುರುಬದುರು, 180 ಡಿಗ್ರಿಯಲ್ಲಿ, 66 ಕಿ.ಮೀ. ಅಂತರವಿಟ್ಟು ಹೊರಡಿಸಿದರೆ ಅವು ಹಿಂದಿರುಗುವುದು 7 ಡಿಗ್ರಿಯ ಹತ್ತಿರ, ಅವಧಿಯೂ ಹತ್ತು ವರ್ಷಕ್ಕೆ ಮೂರ್ನಾಲ್ಕು ತಿಂಗಳು ಕಡಿಮೆ. ಹತ್ತೇ ವರ್ಷ ಬೇಕಿದ್ದರೆ ಅಂತರವನ್ನು ಒಂದೆರಡು ಕಿ.ಮೀ. ಇಳಿಸಬೇಕು.

ಸಿಮ್ಯುಲೇಷನ್‌ಗೆ ನಾನು ಬಳಸುವುದು ಪೈಥಾನ್ ಭಾಷೆಯಲ್ಲಿ ರೀಬೌಂಡ್, ಗುರುತ್ವಕ್ಕೆ ಕಾಯಗಳು ಹೇಗೆ ಚಲಿಸುತ್ತವೆ ಎಂದು ಲೆಕ್ಕಹಾಕುವ ತಂತ್ರಾಂಶ. ಸೂರ್ಯನನ್ನೂ ಸೇರಿಸುವುದರಿಂದ ಅದರಲ್ಲಿ ಐಎಎಸ್15 ಎಂಬ ಇಂಟಿಗ್ರೇಟರ್ (ಚಲನೆಯನ್ನು ಹೆಜ್ಜೆಹೆಜ್ಜೆಯಾಗಿ ಲೆಕ್ಕಹಾಕುವ ಭಾಗ) ಆರಿಸುತ್ತೇನೆ, ಕಾಲದ ಹೆಜ್ಜೆಯನ್ನು ಅದೇ ಹೊಂದಿಸಿಕೊಳ್ಳುತ್ತದೆ. ಸ್ವಂತ ಕೋಡ್ ಬರೆಯುವವರು, ಈಗಿನ ವೇಗದಲ್ಲೇ ನೇರವಾಗಿ ಮುಂದಿನ ಹೆಜ್ಜೆ ಇಡುವ ಆಯ್ಲರ್ ವಿಧಾನದ ಹತ್ತಿರವೂ ಹೋಗಬೇಡಿ: ಒಂದು ಗಂಟೆಯ ಹೆಜ್ಜೆ ಇಟ್ಟರೆ ಒಂದೆರಡು ಸುತ್ತಿನಲ್ಲೇ ಕಕ್ಷೆ ಸುರುಳಿಯಾಗಿ ಹಿಗ್ಗುತ್ತದೆ. ನಾವು ನೋಡಬೇಕಾದ ವ್ಯತ್ಯಾಸ ತ್ರಿಜ್ಯದ ಶೇ. 0.066 ಮಾತ್ರ, ಅದು ಆ ದೋಷದಲ್ಲಿ ಮುಳುಗಿಹೋಗುತ್ತದೆ. ವೇಗವನ್ನೂ ಸ್ಥಾನವನ್ನೂ ಅರ್ಧರ್ಧ ಹೆಜ್ಜೆಯ ಅಂತರದಲ್ಲಿ ಸರದಿಯಾಗಿ ಲೆಕ್ಕಹಾಕುವ ಲೀಪ್‌ಫ್ರಾಗ್ ವಿಧಾನ ಸಾಕು. ಸೂರ್ಯನ ಸೆಳೆತಕ್ಕೆ ಕ್ಷಣಕ್ಷಣದ ತ್ರಿಜ್ಯ ಅಲುಗುವುದರಿಂದ ಒಂದು ಸುತ್ತಿನ ಸರಾಸರಿ ತೆಗೆದೇ ಗ್ರಾಫ್ ಬಿಡಿಸುತ್ತೇನೆ. ಮುಖ್ಯವಾಗಿ ನೋಡುವುದು ಎರಡರ ನಡುವಿನ ಕೋನ: ಅದು 7ರಿಂದ 353 ಡಿಗ್ರಿಗೆ ಹೋಗಿ ಮರಳಬೇಕು, ಸೊನ್ನೆಯನ್ನು ಎಂದೂ ದಾಟಬಾರದು. ದಾಟಿದರೆ ಅದು ಕುದುರೆಲಾಳವಲ್ಲ. ಇದೇ ಭಾರಕ್ಕೆ ಅಂತರವನ್ನು 400 ಕಿ.ಮೀ. ಮಾಡಿದರೆ ಹೀಗೇ ಆಗುತ್ತದೆ: ಪಕ್ಕದಲ್ಲೇ ಹಾದುಹೋಗಿ ಕಕ್ಷೆಗಳು ಕದಡುತ್ತವೆ.

ಇನ್ನು ನೆಲದಿಂದ ಕಾಣುವ ನೋಟ. ಬರಹಗಾರರು ಹೆಚ್ಚು ಎಡವುವುದು ಇಲ್ಲೇ. 50 ಕಿ.ಮೀ. ಚಂದ್ರ ನೆತ್ತಿಯ ಮೇಲಿದ್ದಾಗಲೂ ಅದರ ಅಗಲ ನಮ್ಮ ಚಂದ್ರನ ಹದಿನೇಳನೇ ಒಂದು ಭಾಗ. ತಟ್ಟೆಯಂತೆ ಕಾಣುವುದಿಲ್ಲ, ಶುಕ್ರನಿಗಿಂತ ಪ್ರಖರವಾದ ಒಂದು ಚುಕ್ಕಿ, ಅಷ್ಟೆ. ಗ್ರಹದ ದಿನ 24 ಗಂಟೆಯದಾದರೆ ಅದು ಸುಮಾರು 33 ಗಂಟೆಗೊಮ್ಮೆ ಪೂರ್ವದಲ್ಲಿ ಹುಟ್ಟುತ್ತದೆ. ಅದಲುಬದಲು ಒಂದು ರಾತ್ರಿಯ ಘಟನೆಯೂ ಅಲ್ಲ. ಎರಡೂ 20 ಡಿಗ್ರಿಯೊಳಗೆ ಇರುವುದು ಸುಮಾರು 13 ತಿಂಗಳು, 10 ಡಿಗ್ರಿಯೊಳಗೆ ಐದೂವರೆ ತಿಂಗಳು. ಹತ್ತಿರ ಬಂದು, ನಿಂತಂತಾಗಿ, ಮತ್ತೆ ದೂರವಾಗುತ್ತವೆ. ಗ್ರಹಣದ ಹಾಗೆ ಜನ ಒಂದೇ ಕ್ಷಣಕ್ಕೆ ಕಾದು ಕೂತರು ಎಂದು ಬರೆದರೆ ತಪ್ಪಾಗುತ್ತದೆ.

ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಪಂಚಾಂಗದ ತೊಡಕು. ಅದಲುಬದಲಿನಲ್ಲಿ ಚಿಕ್ಕ ಚಂದ್ರ ಸುಮಾರು 100 ಕಿ.ಮೀ. ಸರಿಯುತ್ತದೆ, ದೊಡ್ಡದು 33. ಚಿಕ್ಕದರ ಒಂದು ಸುತ್ತು ಸುಮಾರು 8 ನಿಮಿಷ ಬದಲಾಗುತ್ತದೆ. ವರ್ಷಕ್ಕೆ ನೂರು ಸುತ್ತು. ಹಳೆಯ ಕೋಷ್ಟಕ ಇಟ್ಟುಕೊಂಡವನ ಲೆಕ್ಕ ಒಂದೇ ವರ್ಷದಲ್ಲಿ 13 ಗಂಟೆ ತಪ್ಪುತ್ತದೆ. ಹಾಗಾಗಿ ನನ್ನ ಜಗತ್ತಿನ ಜೋಯಿಸರ ಬಳಿ ಎರಡು ಕೋಷ್ಟಕಗಳಿವೆ, ಒಳದಾರಿಯದೊಂದು, ಹೊರದಾರಿಯದೊಂದು.

ಇದೇ ಗ್ರಹಕ್ಕೆ ನಮ್ಮಂಥ ದೊಡ್ಡ ಚಂದ್ರನನ್ನೂ ಕೊಡುವ ಆಸೆಯಾದರೆ, ಅದನ್ನು ಸೇರಿಸಿ ಇಡೀ ಸಿಮ್ಯುಲೇಷನ್ ಮೊದಲಿಂದ ಓಡಿಸಿ. ಮೇಲಿನ ಯಾವ ಅಂಕಿಯೂ ಆಗ ಹಾಗೇ ಉಳಿಯುವುದಿಲ್ಲ.