ಗೋಲ್ಡ್‌ಫೀಲ್ಡ್‌ನ ಗುಡ್ಡಗಳನ್ನು ಓದುವುದು ಹೇಗೆ

ಅಮೆರಿಕದ ನೆವಾಡಾದಲ್ಲಿರುವ ಹಳೆಯ ಚಿನ್ನದ ಗಣಿಯೂರು ಗೋಲ್ಡ್‌ಫೀಲ್ಡ್‌ಗೆ ಮೊದಲ ಸಲ ಹೋದಾಗ ಅರ್ಧ ದಿನ ಬಿಳಿ ಬೆಣಚುಕಲ್ಲಿನ ಪಟ್ಟೆ ಹುಡುಕುತ್ತಲೇ ಕಳೆದೆ. ಚಿನ್ನ ಇದ್ದಲ್ಲಿ ಬೆಣಚುಕಲ್ಲು ಇರಲೇಬೇಕು ಎಂದು ಭೂವಿಜ್ಞಾನ ಓದುವಾಗ ತಲೆಗೆ ಕೂತಿತ್ತು. ಈ ಊರಿನ ಚಿನ್ನ ಆ ಜಾತಿಯದಲ್ಲ. ಆಮೇಲೆ ನಾಲ್ಕು ಸಲ ಹೋಗಿ ಬಂದಿದ್ದೇನೆ. ಹೊಸದಾಗಿ ಹೋಗುವವರಿಗೆ ಈಗ ಹೀಗೆ ಹೇಳುತ್ತೇನೆ.

ಬೆಳಗ್ಗೆ ಬೇಗ ಹೋಗಿ, ಕಲ್ಲು ಮುಟ್ಟುವ ಮೊದಲು ಬಣ್ಣ ನೋಡಿ. ಹೆದ್ದಾರಿ 95ರ ಬದಿಯಲ್ಲಿ ನಿಂತರೆ ಕೆಲವು ಗುಡ್ಡಗಳು ಕಪ್ಪು-ಕಂದು, ಕೆಲವು ಸುಣ್ಣ ಬಳಿದ ಹಾಗೆ ಬಿಳಿ, ಹಳದಿ, ಇಟ್ಟಿಗೆ ಕೆಂಪು. ಬಿಳಿಚಿದ ಕಡೆಗೇ ನಡೆಯಿರಿ. ಸುಮಾರು 2 ಕೋಟಿ ವರ್ಷಗಳ ಹಿಂದೆ ಇಲ್ಲಿನ ಜ್ವಾಲಾಮುಖಿ ಶಿಲೆಯೊಳಗೆ ಕೆಳಗಿನಿಂದ ಗಂಧಕದ ಬಿಸಿ ಅನಿಲ ಏರಿ ಬಂತು, ನೀರಿನೊಡನೆ ಸೇರಿ ಗಂಧಕಾಮ್ಲವಾಯಿತು. ಬಿರುಕುಗಳ ಪಕ್ಕದ ಕಲ್ಲಿನಲ್ಲಿದ್ದದ್ದನ್ನೆಲ್ಲ ಆಮ್ಲ ಕರಗಿಸಿ ಒಯ್ದಿತು, ಸಿಲಿಕಾ ಎಂಬ ಗಟ್ಟಿ ಅಂಶ ಮಾತ್ರ ತೂತುತೂತಾಗಿ ಉಳಿಯಿತು. ಚಿನ್ನ ಹೊತ್ತ ದ್ರವ ಬಂದು ಕೂತದ್ದು ಆಮೇಲೆ, ಆ ತೂತುಗಳಲ್ಲಿ.

ಸಿಲಿಕಾದ ಸುತ್ತ ಅಲ್ಯುನೈಟ್ ಎಂಬ ಖನಿಜ, ಅದರಾಚೆ ಜೇಡಿಮಣ್ಣು. ಮಣ್ಣು ಮಳೆಗಾಳಿಗೆ ತೊಳೆದುಹೋಗುತ್ತದೆ, ಸಿಲಿಕಾ ಮುರುಕು ಗೋಡೆಯಂತೆ ಎದ್ದು ನಿಲ್ಲುತ್ತದೆ. ಗಣಿಯವರು ಇದನ್ನು ‘ಲೆಡ್ಜ್’ ಎಂದರು. ಚಾಕುವಿನ ತುದಿಯಿಂದ ಗೀರಿ ನೋಡಿ: ಲೆಡ್ಜ್ ಮೇಲೆ ಗೀರು ಬೀಳದು, ಅಲ್ಯುನೈಟ್ ಮೇಲೆ ಬೀಳುತ್ತದೆ. ಈ ಅಲ್ಯುನೈಟ್‌ಗೂ ಚಿನ್ನಕ್ಕೂ ಇರುವ ನಂಟನ್ನು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಎಫ್. ಎಲ್. ರಾನ್ಸಮ್ 1909ರಲ್ಲಿ ವಿವರಿಸಿದ. ಆದರೆ ಲೆಡ್ಜ್ ಕಂಡ ಕೂಡಲೇ ಚಿನ್ನ ಎನ್ನಬೇಡಿ. ಬಹುತೇಕ ಲೆಡ್ಜ್‌ಗಳು ಬರಿದು.

ಇನ್ನು ಗಣಿಯಿಂದ ತೆಗೆದು ಹೊರಗೆ ಸುರಿದ ಕಲ್ಲಿನ ದಿಬ್ಬಗಳು. ನನಗೆ ಇವೇ ಎಲ್ಲಕ್ಕಿಂತ ಇಷ್ಟ. ಬಂಡಿ ತಳ್ಳಿಕೊಂಡು ಬಂದು ತುದಿಯಲ್ಲಿ ಸುರಿಯುತ್ತಿದ್ದರಿಂದ ಗಣಿಬಾವಿಯ ಬಾಯಿಯ ಹತ್ತಿರ ಇರುವುದು ಮೊದಲು ಬಂದ ಕಲ್ಲು, ಹೊರ ಅಂಚಿನದು ಕೊನೆಗೆ ಬಂದದ್ದು. ಒಳಗಿನಿಂದ ಹೊರಕ್ಕೆ ನಡೆದರೆ ಆಳಕ್ಕೆ ಇಳಿದಂತೆ: ಮೊದಲು ತುಕ್ಕಿನ ಬಣ್ಣ, ಆಮೇಲೆ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ತುಂಬಿದ ಬೂದು ಕಲ್ಲು. ಭೂತಗನ್ನಡಿ ಹಿಡಿದರೂ ಚಿನ್ನ ಕಾಣುವ ಆಸೆ ಬೇಡ. ಒಳ್ಳೆಯ ಅದಿರು ಆಗಲೇ ಹೋಯಿತು, ದಿಬ್ಬದಲ್ಲಿ ಉಳಿದದ್ದು ಬೇಡದ ಕಲ್ಲು. ಆ ಅದಿರಿನಲ್ಲಿ ಟೆಲ್ಲುರಿಯಂ ಇರುವ ಒಂದು ಖನಿಜವಿತ್ತು, ಊರಿನ ಹೆಸರಿನಿಂದಲೇ ಅದು ಗೋಲ್ಡ್‌ಫೀಲ್ಡೈಟ್ ಆಯಿತು.

ಬಾವಿಗಳ ಹತ್ತಿರ ಮಾತ್ರ ಹೋಗಬೇಡಿ. ಬಾಯಿಯ ಸುತ್ತಲ ಮಣ್ಣು ಕುಸಿಯುತ್ತದೆ, ಮರದ ಆಧಾರ ಕೊಳೆತಿರುತ್ತದೆ, ಸುರಂಗದೊಳಗೆ ಉಸಿರಾಡುವ ಗಾಳಿ ಇಲ್ಲದಿರಬಹುದು. ಇಲ್ಲಿ ಎಷ್ಟೋ ಜಾಗ ಖಾಸಗಿಯವರದು, ಅನುಮತಿ ಕೇಳಿಯೇ ಕಾಲಿಡಿ. ಹಳೆಯ ಡಬ್ಬಿ, ಮೊಳೆ, ಬಾಟಲಿ ಇದ್ದಲ್ಲೇ ಇರಲಿ.

ದೂರ ನಿಂತು ಬಾವಿಗಳನ್ನು ಎಣಿಸಿ. ಇಷ್ಟು ಒತ್ತೊತ್ತಾಗಿ ಯಾಕೆ ತೋಡಿದರು? ಉತ್ತರ ಕಲ್ಲಿನಲ್ಲಿಲ್ಲ, ಕರಾರುಪತ್ರದಲ್ಲಿದೆ. 1902ರ ಡಿಸೆಂಬರ್‌ನಲ್ಲಿ ಹ್ಯಾರಿ ಸ್ಟಿಮ್ಲರ್, ವಿಲಿಯಂ ಮಾರ್ಷ್ ಇಲ್ಲಿ ಮೊದಲು ಹಕ್ಕುಗಲ್ಲು ನೆಟ್ಟರು. ಬಳಿಕ ಗಣಿಯ ಒಡೆಯರು ನೆಲವನ್ನು ಸಣ್ಣ ತುಂಡು ಮಾಡಿ ಗುತ್ತಿಗೆಗೆ ಕೊಟ್ಟರು. ಅವಧಿ ಮುಗಿಯುವುದರೊಳಗೆ ಆದಷ್ಟೂ ತೆಗೆಯಬೇಕು, ಹಾಗಾಗಿ ಪ್ರತಿಯೊಬ್ಬನಿಗೂ ತನ್ನದೇ ಬಾವಿ. ಮೊಹಾಕ್ ಗಣಿಯಲ್ಲಿ ಹೇಯ್ಸ್ ಮತ್ತು ಮೊನೆಟ್ ಎಂಬ ಗುತ್ತಿಗೆದಾರರು 1906ರಲ್ಲಿ ಹೀಗೆಯೇ ಅಗೆದು ಭಾರಿ ಹಣ ಮಾಡಿದರು. ಅದೇ ವರ್ಷ ಜಾರ್ಜ್ ವಿಂಗ್‌ಫೀಲ್ಡ್, ಜಾರ್ಜ್ ನಿಕ್ಸನ್ ಮುಖ್ಯ ಗಣಿಗಳಲ್ಲಿ ಹಲವನ್ನು ಸೇರಿಸಿ ಗೋಲ್ಡ್‌ಫೀಲ್ಡ್ ಕನ್ಸಾಲಿಡೇಟೆಡ್ ಕಂಪನಿ ಕಟ್ಟಿದರು. ಕೊಲಂಬಿಯಾ ಗುಡ್ಡದ ಮಗ್ಗುಲಲ್ಲಿರುವ ದೊಡ್ಡ ಕಾಂಕ್ರೀಟ್ ಅಡಿಪಾಯ ಅವರ 100 ಒನಕೆಗಳ ಅದಿರು ಕುಟ್ಟುವ ಕಾರ್ಖಾನೆಯದು.

ಅದಿರು ಎಷ್ಟು ಸಿರಿವಂತವಾಗಿತ್ತೆಂದರೆ ಕಾರ್ಮಿಕರು ಬಟ್ಟೆಯೊಳಗೆ ಅಡಗಿಸಿ ಒಯ್ಯುತ್ತಿದ್ದರು. ಕಂಪನಿ ಬಟ್ಟೆ ಬದಲಿಸುವ ಕೋಣೆ ಕಡ್ಡಾಯ ಮಾಡಿತು. 1907ರ ಹಣಕಾಸು ಬಿಕ್ಕಟ್ಟಿನಲ್ಲಿ ಕೂಲಿಯನ್ನು ನಾಣ್ಯದ ಬದಲು ಕಾಗದದ ಚೀಟಿಯಲ್ಲಿ ಕೊಡಹೊರಟಾಗ ಮುಷ್ಕರವಾಯಿತು. ಡಿಸೆಂಬರ್‌ನಲ್ಲಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಸೈನ್ಯ ಕಳಿಸಿದರು. ಕಳವು ಸರಿ ಎನ್ನಲಾರೆ. ಆದರೆ ಚೀಟಿ ಹಿಡಿದು ಸಂಸಾರ ಸಾಗಿಸು ಎಂದರೆ ಯಾರು ತಾನೇ ಕೆಲಸಕ್ಕೆ ಇಳಿದಾರು?

ಊರಿನಲ್ಲಿ 1907ರ ನ್ಯಾಯಾಲಯವನ್ನೂ 1908ರ ಹೋಟೆಲ್ ಕಟ್ಟಡವನ್ನೂ ನೋಡಿ. ಸುತ್ತಲ ಖಾಲಿ ಬೀದಿಗಳಿಗೆ 1913ರ ಪ್ರವಾಹ, 1923ರ ಬೆಂಕಿ ಕಾರಣ. ಸಂಜೆ ಹೊರಡುವ ಮುನ್ನ ಮತ್ತೆ ಹೆದ್ದಾರಿಯ ಬದಿಗೆ ಬನ್ನಿ. ಇಳಿಬಿಸಿಲಿಗೆ ಒಂದೊಂದು ಲೆಡ್ಜ್‌ನ ನೆರಳೂ ಉದ್ದಕ್ಕೆ ಬೀಳುತ್ತದೆ. ಆಗ ಕಾಗದದ ಮೇಲೆ ಲೆಡ್ಜ್‌ಗಳನ್ನು ಗೆರೆಯಾಗಿ, ಬಾವಿಗಳನ್ನು ಚುಕ್ಕೆಯಾಗಿ ಬರೆದುಕೊಳ್ಳಿ. ಚುಕ್ಕೆಗಳು ಯಾವ ಗೆರೆಗೆ ಮುತ್ತಿವೆಯೋ ಅಲ್ಲಿ ಚಿನ್ನವಿತ್ತು.